ಮೊಬೈಲಿನಲ್ಲಿ ಬಿದ್ದ ಚುಕ್ಕಿ

ಗೆಳೆಯರೇ, ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ನನ್ನ ಚಪ್ಪಲಿ ಇರಲಿಲ್ಲ. ಅಜ್ಜಿ ಬಚ್ಚಿಟ್ಟಿದ್ದಳು. ಇವತ್ತು ಲಿಂಗಸುಗೂರಿನ ಕಾಲೇಜಿನಲ್ಲಿ ಉಪನ್ಯಾಸಕನಾಗಿ ನನ್ನ ಮೊದಲ ಪಾಠ.

“ಮೊಬೈಲ್‌ನಾಗ ಚುಕ್ಕಿ ಉರಕೋಂತ ಬಿದ್ದದ್ದು ನೋಡೀನಿ. ಇವತ್ತು ಹೊಸ ಕೆಲಸ ಬ್ಯಾಡ,” ಎಂದಳು.

“ಅದು ಚುಕ್ಕಿ ಅಲ್ಲಬೇ ಅಜ್ಜಿ. ಬಾಹ್ಯಾಕಾಶ ನಿಲ್ದಾಣಕ್ಕ ಸಾಮಾನು ಒಯ್ದ ನೌಕೆ. ಒಳಗ ಯಾರೂ ಇಲ್ಲ. ವಾಪಸ್ ಬರುವಾಗ ಅಲ್ಲಿನ ಕಸ ತುಂಬಿ ಬೇಕಂತಾನ ಸುಡ್ತಾರ.”

“ಕಸ ಸುಟ್ಟಾರ? ಹಂಗಾದ್ರ ಚಲೋನ ಆತು. ಬೂದಿ ಎಲ್ಲಿ ಬಿತ್ತು?”

“ಸಮುದ್ರದಾಗ.”

“ಮತ್ತ ಸಮುದ್ರದ ಕಸ ಯಾರು ಹೊಡೀಬೇಕು?” ಎನ್ನುತ್ತಲೇ ಚಪ್ಪಲಿ ತಂದಿಟ್ಟಳು.

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಸಿಂಧನೂರಿನಿಂದ ಹೊರಟ ಬಸ್ಸು ಈಗ ಮಸ್ಕಿ ದಾಟಿದೆ. ತೀರ್ಮಾನಿಸಿದ್ದೇನೆ: ಬಾಯಿಪಾಠ ಮಾಡಿದ ಪರಿಚಯ ಭಾಷಣ ಬೇಡ, ಅಜ್ಜಿಯ ಪ್ರಶ್ನೆಯಿಂದಲೇ ಪಾಠ ಶುರು.