ಮಂಗಳ ಹಾಡದ ಸಿ.ಡಿ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ವಜ್ರಳ್ಳಿಯ ಅಕ್ಕನ ಮನೆಯ ಜಗುಲಿಯಲ್ಲಿ, ಒಂದು ಹಳೆಯ ಕಂಪ್ಯೂಟರಿನ ಸುತ್ತ ನಾವು ನೆರೆದಿದ್ದೆವು. ಕೀಲಿಮಣೆಯ ಎದುರು ಭಾವ, ಹೆಗಲ ಮೇಲೆ ಟವೆಲ್ಲು. ಅವನ ಬೆನ್ನ ಹಿಂದೆ ಮೊಣಕೈವರೆಗೆ ಅಕ್ಕಿಹಿಟ್ಟು ಮಾಡಿಕೊಂಡ ಅಕ್ಕ; ಅಕ್ಕನೆಂದರೆ ನನ್ನ ದೊಡ್ಡಮ್ಮನ ಮಗಳು. ಅವಳ ತೋಳು ಹಿಡಿದುಕೊಂಡು ಅವಳ ಮಗಳು, ನಾಳೆಯ ಮದುಮಗಳು. ಕಂಬಕ್ಕೆ ಒರಗಿ, ಸೊಂಟಕ್ಕೆ ಕೈಕೊಟ್ಟು ನಿಂತವರು ಭಾವನ ಹಿರಿಯಕ್ಕ, ಮದುಮಗಳಿಗೆ ಸೋದರತ್ತೆ. ಬೆತ್ತದ ಕುರ್ಚಿಯಲ್ಲಿ, ಕುತ್ತಿಗೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು, ಹೆಗ್ಗರಣೆಯಿಂದ ಬಂದ ನನ್ನ ದೊಡ್ಡಮ್ಮ. ಶಿರಸಿಯಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ಜೋಪಾನವಾಗಿ ಒಂದು ಸಿ.ಡಿ. ತಂದವಳು ನಾನು.

ಭಾವ ಆ ಸಿ.ಡಿ.ಯನ್ನು ಮೂರನೆಯ ಸಲ ಒಳಗೆ ತಳ್ಳಿ, ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿದ.

"ಇದು ಖಾಲಿ ಇದ್ದು ಹೇಳಿ ತೋರಿಸ್ತಾ ಇದ್ದಲೇ ತಂಗಿ."

"ಖಾಲಿ ಹೆಂಗಾಗ್ತು ಭಾವ? ಎನ್ನ ಮನೇಲಿ ನಿನ್ನೆ ಸಂಜೆ ಕೇಳಿಕೊಂಡೇ ಬಂದಿದ್ದೆ" ಎಂದೆ ನಾನು.

ಸೋದರತ್ತೆ ಕಂಬ ಬಿಟ್ಟು ಮುಂದೆ ಬಂದರು. "ಹಾಡು ಹೇಳದು ಬಾಯಲ್ಲಿ ಇರವು. ತಟ್ಟೆಲಿ ಹಾಕ್ಕಂಡು ಬಂದ್ರೆ ಹಾದಿಲಿ ಚೆಲ್ಲಿ ಹೋಗ್ತು."

ಬೇರೆ ದಿನವಾಗಿದ್ದರೆ ಈ ಮಾತಿಗೆ ದೊಡ್ಡಮ್ಮ ಕೊಡುವ ಉತ್ತರವನ್ನು ಆ ಕೇರಿಯವರು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದರು. ಅಂದು ಅವಳು ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡು, ಮೊಮ್ಮಗಳ ಮುಖ ನೋಡಿದಳು.

ದೊಡ್ಡಮ್ಮ ಸೋಂದಾದ ತವರಿನಿಂದ ಬಳುವಳಿಯಾಗಿ ತಂದದ್ದು ಹಾಡು. ಎಣ್ಣೆ ಹಚ್ಚುವಾಗ ಒಂದು, ಅರಿಶಿನಕ್ಕೆ ಒಂದು, ಹಸೆಗೆ ಕರೆಯಲು ಒಂದು, ಹೆಣ್ಣು ಒಪ್ಪಿಸಿಕೊಡುವಾಗ ಎಲ್ಲರನ್ನೂ ಅಳಿಸಲು ಒಂದು. ಸಿದ್ದಾಪುರ ಸೀಮೆಯಲ್ಲಿ ಅವಳಿಲ್ಲದ ಮದುವೆಯಲ್ಲಿ ಶಾಸ್ತ್ರ ನಡೆಯುತ್ತಿತ್ತು, ಆದರೆ ಯಾರಿಗೂ ನಡೆದ ಹಾಗೆ ಅನಿಸುತ್ತಿರಲಿಲ್ಲ. ಅಂಥವಳ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ಡಾಕ್ಟರು ಮದುವೆ ಕಳೆದ ಮೇಲೆ ಆಪರೇಶನ್ ಎಂದರು; ಅಲ್ಲಿಯವರೆಗೆ ಹಾಡುವುದಿರಲಿ, ಗಟ್ಟಿಯಾಗಿ ಮಾತೂ ಆಡಕೂಡದು ಎಂದರು. ಆಮೇಲೆ ದನಿ ಹೇಗೆ ಬರುತ್ತದೋ ಹೇಳಲಾರೆ ಎಂದೂ ಸೇರಿಸಿದರು.

ಡಾಕ್ಟರು ಹೇಳುವುದಕ್ಕೆ ಮೊದಲೇ ದೊಡ್ಡಮ್ಮನಿಗೆ ಸಂಶಯ ಬಂದಿತ್ತು. ದನಿ ಒಡೆಯಲು ಶುರುವಾದ ದಿನಗಳಲ್ಲೇ ಶಿರಸಿಯ ನಮ್ಮ ಮನೆಗೆ ಬಂದು, "ಈ ಗಂಟಲು ಕೂಸಿನ ಮದುವೆವರೆಗೆ ಬಪ್ಪ ಹಾಂಗೆ ಕಾಣ್ತಿಲ್ಲೆ. ನಿನ್ನ ಕಂಪ್ಯೂಟರಿಗೆ ಹಾಡು ಹಿಡ್ಕಂಬಲೆ ಬರ್ತಡ ಅಲ್ದ? ಈಗಲೇ ಹಿಡ್ಕ" ಎಂದಳು. ಔಷಧಿಗೆಂದು ಶಿರಸಿಗೆ ಬಂದಾಗಲೆಲ್ಲ ಒಂದೆರಡು ಹಾಡು ಹಿಡಿದೆವು. ಫ್ಯಾನು ನಿಲ್ಲಿಸಿ, ಕುಕ್ಕರು ಇಳಿಸಿ, ಪಕ್ಕದ ಮನೆಯ ನಾಯಿಗೆ ದೋಸೆ ಹಾಕಿ ಬಾಯಿ ಕಟ್ಟಿಸಿ. ಆದರೂ ಹಸೆಗೆ ಕರೆಯುವ ಹಾಡಿನ ನಟ್ಟನಡುವೆ ಬೀದಿಯಲ್ಲಿ ಮೀನು ಮಾರುವವನ ಹಾರ್ನು ಪೋಂ ಪೋಂ ಎಂದು ನುಗ್ಗಿತು. ಇನ್ನೊಮ್ಮೆ ಹಾಡುತ್ತೀಯಾ ಎಂದು ಕೇಳಿದೆ. "ಇರ್ಲಿ ಬಿಡು, ಅವನೂ ಒಂದು ಹೊತ್ತು ಮದುವೆಗೆ ಬಂದ ಹೇಳಿ ತಿಳ್ಕ" ಎಂದು ನಕ್ಕಳು. ಪ್ರತಿ ಸಲವೂ ಹೊಸ ಹಾಡುಗಳನ್ನು ಅದೇ ಸಿ.ಡಿ.ಗೆ ಸೇರಿಸುತ್ತ ಹೋದೆ. ಪೆನ್ ಡ್ರೈವುಗಳು ಇನ್ನೂ ನಮ್ಮ ಮನೆಗಳ ಹೊಸ್ತಿಲು ದಾಟಿರದ ಕಾಲ ಅದು.

ಮದುವೆಯ ಹಿಂದಿನ ಆ ದಿನ ಮಧ್ಯಾಹ್ನ ಊಟವಾದ ಮೇಲೆ ಮದುಮಗಳಿಗೆ ಎಣ್ಣೆ ಅರಿಶಿನ. ಅಜ್ಜಿಯ ಹಾಡಿಲ್ಲದೆ ಹಸೆಗೆ ಕೂರುವುದಿಲ್ಲ ಎಂದು ಹುಡುಗಿ ಚಿಕ್ಕಂದಿನಿಂದ ಹೇಳಿಕೊಂಡು ಬಂದವಳು. ಶಿರಸಿಗೆ ಹೋಗಿ ಬೇರೆ ಸಿ.ಡಿ. ಮಾಡಿಕೊಂಡು ಬರುವಷ್ಟು ಹೊತ್ತು ಇರಲಿಲ್ಲ.

ಸರಿ, ಉಪಚಾರ ಶುರುವಾಯಿತು. ಭಾವ ಟವೆಲಿನಿಂದ ಒರೆಸಿದ. ಬಾಯಿಂದ ಊದಿದ. ಕಂಪ್ಯೂಟರನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿದ. "ಕೊಡು ಇಲ್ಲಿ" ಎಂದು ಸೋದರತ್ತೆ ಸಿ.ಡಿ. ಕಸಿದುಕೊಂಡು ಬಚ್ಚಲಿಗೆ ಹೋದರು. ಹಿಂದೆಯೇ ಓಡಿ ನೋಡುತ್ತೇನೆ, ಚಿನ್ನದ ಸರ ತೊಳೆಯುವ ಹಾಗೆ ಅಂಟುವಾಳದ ನೊರೆಯಲ್ಲಿ ಅದ್ದಿ ತಿಕ್ಕುತ್ತಿದ್ದಾರೆ!

"ಅಯ್ಯೋ, ಎಂತ ಮಾಡ್ತ್ರೇ ಅತ್ತೇ!"

"ಎಂತದೂ ಆಗ್ತಿಲ್ಲೆ. ಎನ್ನ ಬೆಂಡೋಲೆ ಇದರಲ್ಲೇ ಹೊಳೆಯದು."

ಸಿ.ಡಿ. ಏನೋ ಬೆಂಡೋಲೆಯಂತೆ ಹೊಳೆಯಿತು. ಕಂಪ್ಯೂಟರು ಮಾತ್ರ ಖಾಲಿ ಎಂದೇ ಹೇಳಿತು.

ತಪ್ಪು ತಟ್ಟೆಯದೋ, ಯಂತ್ರದ್ದೋ? ಅದನ್ನು ಮೊದಲು ತಿಳಿಯಬೇಕೆಂದು, ಭಾವನ ಕಪಾಟಿನಲ್ಲಿದ್ದ ಯಕ್ಷಗಾನದ ಸಿ.ಡಿ.ಯೊಂದನ್ನು ಹಾಕಿ ನೋಡಿದೆ. ಹಾಡಿಗೆಂದು ಚಪ್ಪರದ ಧ್ವನಿವರ್ಧಕಕ್ಕೆ ತಂತಿ ಆಗಲೇ ಜೋಡಿಸಿದ್ದರು ಎಂಬುದು ನನಗೆ ತಿಳಿದಿರಲಿಲ್ಲ. ಚಂಡೆ ಸಿಡಿಲಿನ ಹಾಗೆ ಎದ್ದಿತು. ಹಿತ್ತಿಲಲ್ಲಿ ಹೋಳಿಗೆಯ ಹೂರಣ ಮಗುಚುತ್ತಿದ್ದ ಅಡಿಗೆಭಟ್ಟರು ಸೌಟು ಹಿಡಿದೇ ಓಡಿಬಂದು, "ಮದುವೆಯಾ, ಯಕ್ಷಗಾನದ ಆಟವಾ, ಎಂತದು? ಎಂಗೆ ಒಬ್ಬವೂ ಹೇಳಿದ್ವಿಲ್ಲೆ!" ಎಂದರು. ಅಳುವ ಹಾಗಾಗಿದ್ದ ಮದುಮಗಳು ಹೊಟ್ಟೆ ಹಿಡಿದು ನಕ್ಕಳು.

ಯಂತ್ರ ನೆಟ್ಟಗಿತ್ತು. ಹಾಗಾದರೆ ತಟ್ಟೆಯನ್ನೇ ನೋಡಬೇಕು. ಅಂಗಳಕ್ಕೆ ಒಯ್ದು, ಬೆನ್ನು ಮೇಲೆ ಮಾಡಿ ಬಿಸಿಲಿಗೆ ಓರೆಯಾಗಿ ಹಿಡಿದೆ. ನಡುವಿನ ತೂತಿನ ಸುತ್ತ ಬಣ್ಣ ಕಪ್ಪಾಗಿತ್ತು. ಅದರಾಚೆ ಕೂದಲೆಳೆಯಷ್ಟು ತಿಳಿ ಗೆರೆ, ಮತ್ತೆ ಕಪ್ಪು, ಮತ್ತೆ ಗೆರೆ. ಮರ ಕಡಿದಾಗ ಕಾಣುವ ಸುತ್ತುಗಳ ಹಾಗೆ. ಅಂಚಿನ ಕಡೆ ಮಾತ್ರ ಹೊಸದರಂತೆ ತಿಳಿಯಾಗಿ ಉಳಿದಿತ್ತು.

"ದೊಡ್ಡಮ್ಮಾ, ಇಲ್ಲಿ ನೋಡು. ಖಾಲಿ ಅಲ್ಲ. ಈ ಕಪ್ಪು ಸುತ್ತು ಇದ್ದಲ, ಇದು ನೀನು ಮೊದಲ ಸಲ ಹೇಳಿದ ಹಾಡು. ಇದು ಎರಡನೇ ಸಲದ್ದು."

ದೊಡ್ಡಮ್ಮ ಕುರ್ಚಿಯಿಂದೆದ್ದು ಬಂದು, ಕನ್ನಡಕ ಏರಿಸಿ ನೋಡಿದಳು. ತೋರುಬೆರಳನ್ನು ತಟ್ಟೆಗೆ ತಾಗದ ಹಾಗೆ ಸುತ್ತುಗಳ ಮೇಲೆ ಆಡಿಸಿ ಪಿಸುಗುಟ್ಟಿದಳು: "ಮತ್ತೆ ಎಂತಕ್ಕೆ ಬಾಯಿ ಬಿಡ್ತಿಲ್ಲೆ?"

ಆ ಪ್ರಶ್ನೆಗೆ ಉತ್ತರ ನನಗೆ ಆಗ ಹೊಳೆಯಿತು. ಪ್ರತಿ ಸಲ ಹಾಡು ತುಂಬಿಸಿದ ಮೇಲೂ ನನ್ನ ಕಂಪ್ಯೂಟರು ಒಂದು ಮಾತು ಕೇಳುತ್ತಿತ್ತು: ಈ ಡಿಸ್ಕನ್ನು ಮುಚ್ಚಲೇ, ಇನ್ನು ಮುಗಿಸಿಬಿಡಲೇ? ದೊಡ್ಡಮ್ಮನಿಗೆ ತಿಳಿಯಲೆಂದು ನಾನು ಅದನ್ನು ಕನ್ನಡ ಮಾಡಿ ಓದುತ್ತಿದ್ದೆ. ಓದಿದ್ದೇ ತಡ ಅವಳು ಎರಡೂ ಕಿವಿ ಮುಚ್ಚಿಕೊಳ್ಳುವಳು. "ಬಿಡ್ತು ಅನ್ನು! ಮದುವೆ ಹಾಡು ಅದು. ಮುಚ್ಚದು, ಮುಗಿಸದು ಹೇಳಿ ಎಂತಕ್ಕೆ ಬಾಯಲ್ಲಿ ತರ್ತೆ? ಇಲ್ಲೆ ಹೇಳಿ ಒತ್ತು." ದೀಪವನ್ನು ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವವಳು, ಅಕ್ಕಿ ತೀರಿದರೆ ಹೆಚ್ಚಿತು ಎನ್ನುವವಳು, ಹೊರಟು ನಿಂತವರ ಬಾಯಲ್ಲೂ ಹೋಗ್ತೆ ಎಂಬ ಮಾತು ಬರಗೊಡದೆ ಬರ್ತೆ ಎನ್ನಿಸುವವಳು ಅವಳು. ನಾನೂ ಅದೇ ಮಾತಿನಲ್ಲಿ ಬೆಳೆದವಳು. ಹಾಗಾಗಿ ಪ್ರತಿ ಸಲವೂ ಇಲ್ಲ ಎಂದೇ ಒತ್ತಿದ್ದೆ. ಬರೆದ ಯಂತ್ರಕ್ಕೆ ತನ್ನ ಬರಹ ತನಗೆ ಗೊತ್ತು, ಅದು ಓದುತ್ತಿತ್ತು. ಭಾವನ ಹಳೆಯ ಯಂತ್ರಕ್ಕೆ ಮುಗಿಯದ ತಟ್ಟೆ ಹೊಸ ತಟ್ಟೆಯಂತೆಯೇ ಕಾಣುತ್ತಿತ್ತು.

ಇದನ್ನು ಹೇಳಿದಾಗ ಭಾವ ದೊಡ್ಡಮ್ಮನ ಕಡೆ ನೋಡಿ, ತಲೆಯ ಮೇಲೆ ಕೈಹೊತ್ತು ನಕ್ಕ. "ಅತ್ತೆಯ ಶಾಸ್ತ್ರ ಕಂಪ್ಯೂಟರಿಗೂ ತಾಗಿತಲೇ! ಎನ್ನ ಯಂತ್ರ ಓದ್ತು ಅಷ್ಟೇ, ಬರೀತಿಲ್ಲೆ. ಯಲ್ಲಾಪುರಕ್ಕೇ ಹೋಗವು."

ಜೀಪು ಹೊರಡಿಸಿದ. ನೀನು ಕೂತಿರು ಎಂದರೆ ದೊಡ್ಡಮ್ಮ ಕೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲೇ ಏರಿ ಕುಳಿತಳು. ಹೆದ್ದಾರಿಗೆ ಬಿದ್ದರೆ ಅದಿರು ಲಾರಿಗಳ ಸಾಲು, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದ ಹಾಗೆ. ಯಲ್ಲಾಪುರ ಮುಟ್ಟುವಾಗ ಅದಿರಿನ ಧೂಳಿಗೆ ಮೂವರ ಹುಬ್ಬುಗಳೂ ಕೆಂಪಾಗಿದ್ದವು.

ಪೇಟೆಯಲ್ಲಿ ಫೋಟೋ ತೆಗೆದು ಸಿ.ಡಿ. ಮಾಡಿಕೊಡುವ ಅಂಗಡಿಯೊಂದು ಭಾವನಿಗೆ ಗೊತ್ತಿತ್ತು. ಅಂಗಡಿಯವರು ಹಾವೇರಿ ಕಡೆಯವರು, ಮಾತಿನಲ್ಲೇ ಕುರ್ಚಿ ಹಾಕುವ ಜನ.

"ಬರ್ರಿ ಬರ್ರಿ ಅಮ್ಮಾರ, ಕುಂದರ್ರಿ. ಏನಾಗೈತ್ರಿ ತಟ್ಟಿಗೆ?"

ನಡೆದದ್ದನ್ನು ಹೇಳಿದೆ. ಅವರು ಸಿ.ಡಿ. ಹಾಕಿ, ಬರೆಯುವ ತಂತ್ರಾಂಶ ತೆರೆದರು. ಹಾಡುಗಳ ಹೆಸರು ಒಂದರ ಕೆಳಗೊಂದು ಪರದೆಯ ಮೇಲೆ ಮೂಡಿದವು. ದೊಡ್ಡಮ್ಮ ನನ್ನ ಮುಂಗೈ ಹಿಡಿದು ಅದುಮಿದ್ದು ಈಗಲೂ ನೆನಪಿದೆ.

"ಎಲ್ಲಾ ಅದಾವ್ರಿ. ಬಾಗಲಾ ಅಷ್ಟ ಹಾಕಿಲ್ಲ. ಈಗ ಮುಚ್ಚಿ ಮುಗಿಸಿಬಿಡ್ತೀನಿ..."

ದೊಡ್ಡಮ್ಮ ಮೇಜಿನ ಮೇಲೆ ಅಂಗೈ ಬಡಿದಳು. ಅವರು ಬೆಚ್ಚಿ ಮೌಸು ಬಿಟ್ಟರು.

"ಮುಚ್ಚಡ" ಎಂದಳು ಪಿಸುದನಿಯಲ್ಲಿ. ಭಾವ ಅವರ ಕಡೆ ಬಾಗಿ, ಮದುವೆ ಹಾಡಿಗೆ ಆ ಮಾತು ಆಗದು ಎಂದು ವಿವರಿಸಿದ. ಅಂಗಡಿಯವರು ತಕ್ಷಣ ಗಲ್ಲ ಮುಟ್ಟಿಕೊಂಡರು. "ತಪ್ಪಾತ್ರಿ ಅಮ್ಮಾರ. ನಾವೂ ಸಂಜೀಕ ಅಂಗಡಿ ಮುಚ್ಚೂದು ಅನ್ನಂಗಿಲ್ರಿ, ಬಾಗಲಾ ಮುಂದ ಮಾಡೂದು ಅಂತೀವಿ. ಮತ್ತ ಇದಕ್ಕ ಏನನ್ನೋಣ್ರಿ?"

ದೊಡ್ಡಮ್ಮ ಯೋಚಿಸಿದಳು. ಅವಳ ಹಾಡಿನ ಸಂಪ್ರದಾಯದಲ್ಲಿ ಹಾಡು ಮುಗಿಯುವುದೇ ಇಲ್ಲ. ಕೊನೆಗೊಂದು ಆರತಿಯ ಮಂಗಳ ಹಾಡುತ್ತಾರೆ, ಅಷ್ಟೆ. ಆ ಮಂಗಳವನ್ನು ಅವಳು ನನ್ನ ಕಂಪ್ಯೂಟರಿಗೆ ಹಾಡಿರಲಿಲ್ಲ. ಮದುವೆ ಮನೆಯಲ್ಲಿ ಆರತಿ ಎತ್ತಿದಾಗಲೇ ಅದನ್ನು ಹೇಳಬೇಕು, ಮೊದಲೇ ಹೇಳುವ ಪದ್ಧತಿಯಿಲ್ಲ.

"ಮಂಗಳ ಮಾಡು" ಎಂದಳು.

"ಮಂಗಳ ಅಂತ ಬಟನ್ ಇಲ್ರಿ. ಯೆಸ್ ಅಂತ ಐತಿ."

"ಅದನ್ನೇ ಒತ್ತು. ಮಂಗಳ ಹೇಳಿ ತಿಳ್ಕಂಡು ಒತ್ತು."

ಆ ಮಹಾನುಭಾವರು ಗೋಡೆಯ ದೇವರ ಪಟಕ್ಕೊಮ್ಮೆ ಕೈಮುಗಿದು ಒತ್ತಿದರು. ಒಳಗೆ ತಟ್ಟೆ ಗುಂಯ್ ಎಂದು ತಿರುಗಿತು. ಹೊರಬಂದ ಸಿ.ಡಿ.ಯನ್ನು ಇನ್ನೊಂದು ಓದುವ ಯಂತ್ರಕ್ಕೆ ಹಾಕಿ ಪರೀಕ್ಷೆ ಮಾಡಿದೆವು. ದೊಡ್ಡಮ್ಮನ ಹಳೆಯ ದನಿ ಎಣ್ಣೆ ಹಾಡನ್ನು ಎತ್ತಿಕೊಂಡಿತು. ಫೋಟೋಕ್ಕೆಂದು ಪೌಡರು ಹಚ್ಚಿಕೊಂಡು ಕೂತಿದ್ದ ಗಂಡಹೆಂಡತಿ ಇಬ್ಬರೂ ಅಲ್ಲೇ ಕೇಳುತ್ತ ಉಳಿದರು.

ನಾವು ಮರಳುವಾಗ ಊಟದ ಪಂಕ್ತಿ ಏಳುತ್ತಿತ್ತು. ಮದುಮಗಳು ಮಣೆಯ ಹತ್ತಿರ ನಿಂತಿದ್ದಳು, ಕೂತಿರಲಿಲ್ಲ. ಭಾವ ಸಿ.ಡಿ. ಒಳಗೆ ತಳ್ಳಿದ. ಹಳೆಯ ಕಂಪ್ಯೂಟರು ಒಂದು ಕ್ಷಣ ಗೊಣಗಿತು. ಆಮೇಲೆ ಚಪ್ಪರದ ತುಂಬ ದೊಡ್ಡಮ್ಮ.

ಹುಡುಗಿ ಮಣೆಯ ಮೇಲೆ ಕೂತಳು. ದೊಡ್ಡಮ್ಮ ತನ್ನದೇ ಹಾಡು ಕೇಳುತ್ತ, ತುಟಿ ಬಿಗಿದುಕೊಂಡು, ಮೊಮ್ಮಗಳ ನೆತ್ತಿಗೆ ಎಣ್ಣೆ ಒತ್ತಿದಳು. ಹಸೆಯ ಹಾಡಿನ ನಡುವೆ ಪೋಂ ಪೋಂ ಬಂದಾಗ ಅಡಿಗೆಭಟ್ಟರು, "ಇದ್ಯಾರಡ?" ಎಂದರು. "ಶಿರಸಿ ಕಡೆಯ ನೆಂಟರು" ಎಂದ ಭಾವ. ಚಪ್ಪರವೆಲ್ಲ ನಕ್ಕಿತು, ದೊಡ್ಡಮ್ಮನೂ ದನಿಯಿಲ್ಲದೆ ಭುಜ ಕುಣಿಸಿ ನಕ್ಕಳು.

ಕೊನೆಯ ಹಾಡು ನಿಂತಿತು. ಅಕ್ಕ ಆರತಿ ತಟ್ಟೆ ಎತ್ತಿದಳು. ಸಿ.ಡಿ.ಯಲ್ಲಿ ಇನ್ನೇನೂ ಇರಲಿಲ್ಲ. ದೊಡ್ಡಮ್ಮ ಗಂಟಲು ಮುಟ್ಟಿಕೊಂಡು ಸುತ್ತ ನೋಡಿದಳು.

ಹಾಡಿದವರು ಸೋದರತ್ತೆ. ಕಂಬದ ಹತ್ತಿರದಿಂದಲೇ, ಸ್ವಲ್ಪ ನಡುಗುವ ದನಿಯಲ್ಲಿ, ಮಂಗಳದ ಮೊದಲ ಸಾಲು ಎತ್ತಿದರು. ಅಕ್ಕ ಸೇರಿದಳು, ನಾನು ಸೇರಿದೆ, ಮಣೆಯ ಮೇಲಿಂದ ಮದುಮಗಳೂ ಸೇರಿದಳು. ದೊಡ್ಡಮ್ಮ ತೊಡೆಯ ಮೇಲೆ ತಾಳ ಹಾಕಿದಳು.

ಮದುವೆ ಚೆಂದವಾಯಿತು. ಹುಬ್ಬಳ್ಳಿಯ ಆಪರೇಶನ್ನೂ ಸುಸೂತ್ರವಾಯಿತು. ದೊಡ್ಡಮ್ಮನಿಗೆ ದನಿ ಬಂತು, ಮೊದಲಿಗಿಂತ ದಪ್ಪಗೆ, ಒಂದು ಮೆಟ್ಟಿಲು ಕೆಳಗೆ.

ಆ ವರ್ಷದ ಬೇಸಿಗೆಯಲ್ಲಿ ನಾನು ಹೆಗ್ಗರಣೆಗೆ ಹೋಗಿದ್ದಾಗ, ವಜ್ರಳ್ಳಿಯ ಸೋದರತ್ತೆ ಒಬ್ಬರೇ ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಕಾಲು ತೊಳೆದು ಬಂದವರೇ ದೊಡ್ಡಮ್ಮನ ಎದುರು ಕೂತು, "ತಟ್ಟೆಲಿ ಕೇಳಿ ಕೇಳಿ ಎಣ್ಣೆ ಹಾಡು ಕಲ್ತಿದ್ದೆ. ಸರಿ ಇದ್ದ ನೋಡು" ಎಂದು ಶುರುಮಾಡಿದರು. ಎರಡನೆಯ ನುಡಿಯಲ್ಲಿ ದೊಡ್ಡಮ್ಮ ಕೈ ಎತ್ತಿ ನಿಲ್ಲಿಸಿದಳು. "ಹಾಂಗಲ್ದೇ ಮಾರಾಯ್ತಿ" ಎಂದು, ಆ ಸಾಲನ್ನು ತನ್ನ ಹೊಸ ದನಿಯಲ್ಲಿ ಹೇಳಿಕೊಟ್ಟಳು. ಸೋದರತ್ತೆ ಮತ್ತೆ ಹೇಳಿದರು, ದೊಡ್ಡಮ್ಮ ಮತ್ತೆ ತಿದ್ದಿದಳು. ನಾನು ತಂದಿಟ್ಟ ಚಹಾ ಆರಿಹೋಯಿತು. ಸಂಜೆಯ ಬಸ್ಸೂ ತಪ್ಪಿತು. ಸೋದರತ್ತೆ ಅಂದು ಅಲ್ಲೇ ಉಳಿದು, ಅರಿಶಿನದ ಹಾಡನ್ನೂ ಕಲಿತು, ಮರುದಿನ ಊಟ ಮಾಡಿಕೊಂಡು ಊರಿಗೆ ಹೊರಟರು.