ಅಜ್ಜಿಗೆ ಟ್ಯಾಂಕು ಅಂದರೆ ಕೆರೆ

ಇವತ್ತು ತಾರಸಿಯ ಟ್ಯಾಂಕು ತುಂಬಿ ಸುರಿದಾಗ "ಕೋಡಿ ಬಿತ್ತು!" ಎಂದು ಕೂಗಿಬಿಟ್ಟೆ.

"ಕೋಡಿ ಬೀಳೋದು ಕೆರೆ ಅಲ್ವಾ ಅಜ್ಜಿ?" ಎಂದು ಮೊಮ್ಮಗಳು ನಕ್ಕಳು.

ನಾನು ಚಿಕ್ಕವಳಿದ್ದಾಗ ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಟ್ಯಾಂಕು ಅಂದರೆ ಕೆರೆಯೇ. ಏರಿಯ ಮೇಲಿನ ಸರ್ಕಾರಿ ಕಲ್ಲಿನಲ್ಲಿದ್ದ ಆ ಇಂಗ್ಲಿಷ್ ಪದವನ್ನು ನಾನೇ ನನ್ನ ಅಜ್ಜಿಗೆ ಕಲಿಸಿದ್ದೆ. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಅಷ್ಟೇ.

ಆಗ ಯುದ್ಧದ ಕಾಲ. ಸಂಜೆ ಅಪ್ಪ ಜಗಲಿಯಲ್ಲಿ ಕೂತು ಇಂಗ್ಲಿಷ್ ಪೇಪರನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಅಜ್ಜಿ ಹುಣಸೆಹಣ್ಣಿನ ಬೀಜ ತೆಗೆಯುತ್ತಾ ಕೇಳುತ್ತಿದ್ದಳು.

"ನಮ್ಮೋರು ನೂರಾರು ಟ್ಯಾಂಕು ಒಡೆದಾಕವ್ರೆ ಕಣವ್ವ," ಎಂದರು ಅಪ್ಪ ಒಂದು ದಿನ.

ಅಜ್ಜಿಯ ಕೈ ನಿಂತಿತು. "ಅಯ್ಯೋ ಶಿವನೇ! ಕೆರೆ ಒಡೆದ್ರೆ ದನ-ಕರ ನೀರಿಗೆ ಎಲ್ಲಿಗ್ಲಾ ಓಗ್ತವೆ? ಅವರ್ದೂ ಒಂದು ಮನುಷ್ಯ ಜನ್ಮವಾ?"

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆರೆಯಲ್ಲ ಕಣವ್ವ, ಫಿರಂಗಿ ಕಟ್ಟಿರೋ ಕಬ್ಬಿಣದ ಗಾಡಿ."

"ಸದ್ಯ!" ಎಂದು ಅಜ್ಜಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಗಾಡಿ ಒಳಗೆ ಯಾರೂ ಇರ್ನಿಲ್ವಾ ಮಗ?"

ಅಪ್ಪ ಪೇಪರು ಮಡಿಸಿಟ್ಟರು.

ಇವತ್ತು ಮೊಮ್ಮಗಳು ನೀರಿನ ಮೋಟಾರು ನಿಲ್ಲಿಸಿ ಬಂದು ಟಿವಿ ಹಾಕಿದಳು. ಯಾವುದೋ ದೇಶದಲ್ಲಿ ಟ್ಯಾಂಕುಗಳು ಉರಿಯುತ್ತಿದ್ದವು. ಎಷ್ಟು ಟ್ಯಾಂಕು ಎಂದು ವಾರ್ತೆಯವರು ಹೇಳಿದರು. ಒಳಗೆ ಯಾರಿದ್ದರೆಂದು ಹೇಳದೆಯೇ ವಾರ್ತೆ ಮುಗಿಯಿತು.