ರಂಜಕ ನೆಕ್ಕಿ ವಿಸ್ಕಿಗೆ ಕೊಟ್ಟ ತೀರ್ಪು

ಕುಡಿಯದ ಮನುಷ್ಯನೊಬ್ಬ ಕುಡಿತದ ವಿಷಯದಲ್ಲಿ ನನ್ನನ್ನು ಸೋಲಿಸಿದ. ಅದೂ ಲೋಟ ಮುಟ್ಟದೆ! ಎಂಟು ದಿನವಾಯಿತು, ಹೊಟ್ಟೆಯೊಳಗಿನ ಉರಿ ಆರಿಲ್ಲ. ಅದು ವಿಸ್ಕಿಯ ಉರಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ವಕೀಲ ಎಂಬುದು ನಮ್ಮೂರು ಇಂಡಿಯಲ್ಲಿ ಕೆಲವರಿಗೆ ಗೊತ್ತು. ರುಚಿ ಬಲ್ಲವ ಎಂಬುದು ಊರಿಗೆಲ್ಲ ಗೊತ್ತು. ಮದುವೆಮನೆಯಲ್ಲಿ ಸಾರು ಕುದಿಯಿತೆಂದರೆ ಮೊದಲ ಹನಿ ನನ್ನ ಅಂಗೈಗೆ. ‘ವಕೀಲರು ಹೂಂ ಅಂದ್ರೇನು?’ ಎಂದು ಕೇಳಿಯೇ ಎಲೆ ಹಾಕುತ್ತಾರೆ. ಕೋರ್ಟಿನಲ್ಲಿ ಸೋತ ದಿನವೂ ಈ ಒಂದು ಮರ್ಯಾದೆ ನನ್ನನ್ನು ತಲೆಯೆತ್ತಿ ನಡೆಸಿದೆ.

ಹೀಗಿರುವಾಗ, ಓವರ್‌ಸಿಯರ್ ಗೋವಿಂದರಾಯರ ತಮ್ಮ ವಸಂತ ಅಮೆರಿಕದಲ್ಲಿ ಒಂದು ವರ್ಷ ಬೇಸಾಯದ ಟ್ರೇನಿಂಗ್ ಮುಗಿಸಿ ಬಂದ. ಟ್ರಂಕಿನಲ್ಲಿ ಒಂದು ಬಾಟಲಿ. ಬರ್ಬನ್ ಅಂತೆ, ಅಲ್ಲಿಯವರ ವಿಸ್ಕಿ. (ರಾಯರಿಗೆ ಡಾಕ್ಟರ ಚೀಟಿಯ ಮೇಲೆ ಪರ್ಮಿಟ್ ಇದೆ. ನಾನು ಕುಡಿಯಲಿಲ್ಲ, ರುಚಿ ನೋಡಿದೆ. ಪಾನನಿರೋಧದ ಕಾಯ್ದೆ ಓದಿಕೊಂಡೇ ಹೇಳುತ್ತಿದ್ದೇನೆ.)

ರವಿವಾರ ಮಧ್ಯಾಹ್ನ ಕರೆ ಬಂತು. ಹೋದೆ.

“ವಕೀಲರ, ಇದು ಖಾರದ ವಿಸ್ಕಿ ನೋಡ್ರಿ. ಏನೇನು ಕಾಳು ಹಾಕ್ಯಾರ, ನೀವ ಹೇಳಬೇಕು,” ಎಂದ ವಸಂತ.

ಖಾರ! ಅಮೆರಿಕದವರು ಖಾರ ತೋರಿಸುವುದೆ? ಅದೂ ಇಂಡಿಯವರಿಗೆ?

“ವೈನಿ, ಒಂದೀಟು ರಂಜಕ ತರ್ರಿ,” ಎಂದು ರಾಯರ ಹೆಂಡತಿಯನ್ನು ಕೂಗಿದೆ. ಹೋಲಿಸಿ ನೋಡಬೇಕಲ್ಲ? ಹಸಿ ಕೆಂಪು ಮೆಣಸಿನಕಾಯಿ ಅರೆದ ಆ ರಂಜಕವನ್ನು ಬೆರಳ ತುಂಬ ನೆಕ್ಕಿ, ಮೇಲೊಂದು ಗುಟುಕು ವಿಸ್ಕಿ ಹಾಕಿದೆ. ಕಣ್ಣಲ್ಲಿ ನೀರು ಬಂತು. ಯಾವುದರ ನೀರೋ ತಿಳಿಯಲಿಲ್ಲ. ಆದರೂ ಜನ ಕಾಯುತ್ತಿದ್ದಾರೆ, ತೀರ್ಪು ಕೊಡಬೇಡವೆ? ಪಾನನಿರೋಧಕ್ಕೆ ಮೊದಲು ಮುಂಬಯಿಯ ಮಿತ್ರನೊಬ್ಬ ಕುಡಿಸಿದ್ದ ಬಾರ್ಲಿಯ ಸ್ಕಾಚಿನ ನೆನಪಿನ ಮೇಲೆ ಭಾರ ಹಾಕಿದೆ.

“ಬಾರ್ಲಿ. ಬರೇ ಬಾರ್ಲಿ. ಖಾರಗೀರ ಏನೂ ಇಲ್ಲ, ಸಪ್ಪಗದ.”

ವಸಂತ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಗಲೇ ಅಂಗಳದಿಂದ ಮೆಹಬೂಬಸಾಬರು ಬಂದರು. ದೇವಣಗಾಂವದವರು, ಇಂಡಿ ಪೇಟೆಯಲ್ಲಿ ಜೋಳದ ವ್ಯಾಪಾರ. ಅಂದು ರಾಯರು ಹಗೇವು ತೆಗೆಸಿದ್ದರು. ನೆಲದೊಳಗೆ ಹುಗಿದಿಟ್ಟ ಜೋಳ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಸಾಬರು ಒಂದು ಹಿಡಿ ಮೂಗಿಗೆ ಹಿಡಿದು ಹೇಳುತ್ತಾರೆ. ಯಾವ ಬದಿಗೆ ನೀರು ಜಿನುಗಿದೆ ಎಂಬುದನ್ನೂ. ಜನ್ಮದಲ್ಲಿ ಒಂದು ಹನಿ ಮದ್ಯ ಮುಟ್ಟಿದವರಲ್ಲ.

“ಸಾಬ್ರ, ಇದರ ವಾಸನಿ ನೋಡ್ರಿ,” ಎಂದು ರಾಯರು ಚೇಷ್ಟೆಗೆ ಲೋಟ ಚಾಚಿದರು.

“ತೋಬಾ ತೋಬಾ! ನಾ ಮುಟ್ಟಂಗಿಲ್ರಿ. ಅಲ್ಲೇ ಹಿಡೀರಿ.” ಕೈ ಹಿಂದೆ ಕಟ್ಟಿಕೊಂಡು, ಬಾಗಿ, ಎರಡು ಸಲ ಮೂಸಿ ಕಣ್ಣು ಮುಚ್ಚಿದರು.

“ಗೋವಿನಜೋಳ ಐತಿ, ಅದ ಜಾಸ್ತಿ. ಇನ್ನೊಂದು ಕಾಳು ಐತ್ರಿ. ಗೋದಿ ಕುಲದ್ದು, ಖರೆ ಗೋದಿ ಅಲ್ಲ. ಖಾರ ಬರಾಕತ್ತಿದ್ದು ಅದರದ. ಮೆಣಸಿನಕಾಯಿ ಖಾರಲ್ರಿ, ಲವಂಗ, ಕರಿಮೆಣಸು ಅದಾವಲ್ಲ, ಅಂಥಾದ್ದು. ಮತ್ತ... ಕಟಿಗಿ ಸುಟ್ಟಾರೇನ್ರಿ?”

ವಸಂತ ಎದ್ದೇ ನಿಂತ. “ಹೌದ್ರಿ! ಕಟಿಗಿ ಪೀಪಾಯಿ ಒಳಮೈ ಸುಟ್ಟು ಅದರಾಗ ತುಂಬಿಡತಾರ. ಆ ಕಾಳಿಗೆ ರೈ ಅಂತಾರ. ಈ ಬಾಟ್ಲ್ಯಾಗ ಅದನ್ನ ಹೆಚ್ಚಿಗೆ ಹಾಕ್ಯಾರ.”

ಬಾಗಿಲಲ್ಲಿ ನಿಂತಿದ್ದ ವೈನಿ “ಅಬ್ಬಬ್ಬಾ!” ಎಂದರು. ಹತ್ತು ವರ್ಷದಿಂದ ಆ ಅಬ್ಬಬ್ಬಾ ನನ್ನದಾಗಿತ್ತು. ಅಷ್ಟಕ್ಕೇ ನಿಂತಿತೆ? “ಮುಂದಿನ ತಿಂಗಳ ಮಗಳ ಮದವಿ ಅದ. ತುಪ್ಪ ತರೋ ಮುಂದ ಸಾಬ್ರಿಗೆ ತೋರಿಸಿ ತರ್ರಿ,” ಎಂದು ಗಂಡನಿಗೆ ಹೇಳಿದರು. ಹಿರಿಯ ಮಗಳ ಮದುವೆಯಲ್ಲಿ ತುಪ್ಪ ಆರಿಸಿದವನು ಅಲ್ಲೇ ಕುಳಿತಿದ್ದೆ.

ಹೊಟ್ಟೆಕಿಚ್ಚು ಎಂದಿರಾ? ಹೌದು, ಹೊಟ್ಟೆಕಿಚ್ಚೇ. ಸಾಬರು ಒಂದಿಷ್ಟು ಜಂಬ ಪಟ್ಟಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಪುಣ್ಯಾತ್ಮ ಅದಕ್ಕೂ ಅವಕಾಶ ಕೊಡಲಿಲ್ಲ. “ವಕೀಲರ ನಾಲಿಗಿ ಅಪ್ಪಟ ಐತ್ರಿ. ರಂಜಕ ತಿಂದ ಮ್ಯಾಲೆ ಯಾರಿಗರ ಏನ್ ತಿಳಿತೈತಿ?” ಎಂದು ನನ್ನ ಪರವಾಗಿ ವಕಾಲತ್ತು ಮಾಡಿದರು. ಫೀಸಿಲ್ಲದೆ!

ಮನೆಗೆ ಬಂದವನು ಮೂರು ದಿನ ರಂಜಕ ಬಿಟ್ಟೆ. ಮೆಣಸಿನಕಾಯಿ ಬಿಟ್ಟೆ. ಬರೀ ಮೊಸರನ್ನ. (“ಆರಾಮಿಲ್ಲೇನ್ರಿ?” ಎಂದು ಮನೆಯಾಕೆ ಹಣೆ ಮುಟ್ಟಿ ನೋಡಿದಳು.) ನಾಲ್ಕನೆಯ ದಿನ ಬಾಯಿ ಮುಕ್ಕಳಿಸಿ, ರಾಯರ ಮನೆಗೆ ಹೋಗಿ, ಒಂದೇ ಗುಟುಕು ಬೇಡಿ ಹಾಕಿಕೊಂಡೆ. ಸಾಬರು ಹೇಳಿದ್ದರಲ್ಲಿ ಒಂದಾದರೂ ತಪ್ಪು ಹಿಡಿಯಲೇಬೇಕಿತ್ತು.

ಮೊದಲು ಗೋವಿನಜೋಳದ ಸಿಹಿ. ಆಮೇಲೆ ಲವಂಗ. ಕರಿಮೆಣಸು. ಗಂಟಲಿಳಿದ ಮೇಲೆ ಸುಟ್ಟ ಕಟ್ಟಿಗೆ. ಅವರು ಹೇಳಿದ ಸಾಲಿನಲ್ಲೇ! ಅವರು ಹೇಳದ ಒಂದೇ ಒಂದು ರುಚಿ ಸಿಗಲಿ ಎಂದು ಬಾಯೆಲ್ಲ ಹುಡುಕಿದೆ. ಸಿಗಲಿಲ್ಲ.

ಈಗ ನೀವೇ ಹೇಳಿ, ನನ್ನ ಬಾಯಲ್ಲಿರುವುದು ಯಾರ ನಾಲಿಗೆ?